ಕಾಫಿ ಸೀಮೆಯಲ್ಲಿ ತಿರುಪಿನ ಕಥೆ

ಚಿಕ್ಕಮಗಳೂರಿನ ಸಮೀಪದ ಬೆಳವಾಡಿಯಲ್ಲಿ ಹೊಯ್ಸಳರ ಕಾಲದ ವೀರನಾರಾಯಣ ದೇವಾಲಯವಿದೆ. ಸುಮಾರು 1200ರಲ್ಲಿ ಕಟ್ಟಿದ ಈ ತ್ರಿಕೂಟಾಚಲದ ಮಂಟಪದೊಳಗೆ ಕಾಲಿಟ್ಟವರನ್ನು ಮೊದಲು ಸೆಳೆಯುವುದು ಅಲ್ಲಿನ ಕಂಬಗಳು. ಕನ್ನಡಿಯಂತೆ ಹೊಳೆಯುವ ಅವುಗಳ ಮೈಮೇಲೆ ಒಂದರ ಕೆಳಗೊಂದು ಉಂಗುರಗಳು, ಗಂಟೆಯಾಕಾರದ ಉಬ್ಬುಗಳು, ಕತ್ತಿಯಂಚಿನಷ್ಟು ತೆಳುವಾದ ಏಣುಗಳು. ಇವಕ್ಕೆ ತಿರುಗಣೆ ಕಂಬಗಳೆಂದು ಹೆಸರು. ಗಣಿಯಿಂದ ತೆಗೆದಾಗ ಮೃದುವಾಗಿರುವ ಬಳಪದ ಕಲ್ಲನ್ನು ತಿರುಗಿಸುತ್ತ, ಅದಕ್ಕೆ ಉಳಿ ಹಿಡಿದು ಕಡೆದು ಈ ರೂಪ ಕೊಟ್ಟರೆಂಬುದು ವಿದ್ವಾಂಸರ ಅಭಿಪ್ರಾಯ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಎಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ. ಕಾಫಿ ಗಿಡ ಈ ಬೆಟ್ಟಗಳಿಗೆ ಬರುವುದಕ್ಕೂ ಕೆಲವು ಶತಮಾನಗಳ ಮೊದಲೇ ಈ ಸೀಮೆ ತಿರುಗಣೆಯ ಕೆಲಸವನ್ನು ಬಲ್ಲದಾಗಿತ್ತು.

ಆದರೆ ಆ ಕಂಬಗಳಲ್ಲಿ ಒಂದು ವಿಷಯ ಗಮನಿಸಬೇಕು. ಅಲ್ಲಿರುವುದೆಲ್ಲ ಉಂಗುರಗಳೇ ಹೊರತು ತಿರುಪಲ್ಲ. ಉಂಗುರ ಹೊರಟಲ್ಲಿಗೇ ಬಂದು ಸೇರುತ್ತದೆ. ತಿರುಪು ಒಂದು ಸುತ್ತು ಬರುವಷ್ಟರಲ್ಲಿ ಒಂದಿಷ್ಟು ಮುಂದೆ ಸರಿದಿರುತ್ತದೆ. ಉಂಗುರ ಕಡೆಯುವವನು ಉಳಿಯನ್ನು ಒಂದೇ ಕಡೆ ಹಿಡಿದು ನಿಂತರೆ ಸಾಕು. ತಿರುಪು ಕೊರೆಯುವವನ ಉಳಿ ಮಾತ್ರ ಕಂಬ ಒಂದು ಸುತ್ತು ಸುತ್ತಿದಾಗ ಇಂತಿಷ್ಟೇ ದೂರ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ, ಮುಂದೆ ಸಾಗಬೇಕು. ಮನುಷ್ಯನ ಕೈಗೆ ಇದು ಸಾಧ್ಯವಾಗದ ಮಾತು. ಕೈಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಕಥೆಯೇ ಲೇತ್ ಯಂತ್ರದ ಕಥೆ. ಇಂದು ನಲ್ಲಿಯಿಂದ ವಿಮಾನದವರೆಗೆ ಎಲ್ಲವನ್ನೂ ಬಿಗಿಹಿಡಿದಿರುವ ನಟ್ಟು-ಬೋಲ್ಟುಗಳ ಕಥೆಯೂ ಅದೇ.

ಪಲ್ಪರಿನ ಜತೆ ಬಂದ ತಿರುಪು

ಬಾಬಾ ಬುಡನ್ ಅವರು ಅರಬ್ ದೇಶದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಮನೆಮಾತಾಗಿದೆ. 1830ರ ಸುಮಾರಿಗೆ ಕ್ಯಾನನ್ ಎಂಬ ಯುರೋಪಿಯನ್ ಚಿಕ್ಕಮಗಳೂರಿನ ಬಳಿ ತೋಟ ಮಾಡಿದ ಮೇಲೆ ಕಾಫಿ ಹಿತ್ತಿಲ ಬೆಳೆಯಾಗಿ ಉಳಿಯದೆ ತೋಟದ ಬೆಳೆಯಾಯಿತು. ತೋಟದ ಹಿಂದೆಯೇ ಯಂತ್ರವೂ ಬಂತು. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಮೆಕಿನನ್, ಲಂಡನ್ನಿನ ಜಾನ್ ಗಾರ್ಡನ್, ಸಿಲೋನಿನ ವಾಕರ್ ಮುಂತಾದ ಕಂಪನಿಗಳು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗಳಿಗೆ ಹೆಸರಾದವು.

ಪಲ್ಪರಿನ ರಚನೆ ಸರಳ. ಉಬ್ಬುಗಳುಳ್ಳ ತಾಮ್ರದ ತಗಡು ಹೊದಿಸಿದ ಒಂದು ಉರುಳೆ. ಅದಕ್ಕೆ ಎದುರಾಗಿ ಒಂದು ಕಬ್ಬಿಣದ ಪಟ್ಟಿ. ಇವೆರಡರ ನಡುವಿನ ಸಂದಿಯಲ್ಲಿ ನೀರಿನೊಂದಿಗೆ ಹಣ್ಣು ಹಾದುಹೋಗುವಾಗ ಸಿಪ್ಪೆ ಒಂದು ಕಡೆ, ಬೀಜ ಇನ್ನೊಂದು ಕಡೆ ಬೀಳುತ್ತದೆ. ಎಲ್ಲವೂ ಆ ಸಂದಿಯ ಮೇಲೆ ನಿಂತಿದೆ. ಕಿರಿದಾದರೆ ಬೀಜ ಕತ್ತರಿಸಿಹೋಗುತ್ತದೆ, ಗಾಯವಾದ ಬೀಜಕ್ಕೆ ಬೆಲೆಯಿಲ್ಲ. ಹಿರಿದಾದರೆ ಹಣ್ಣು ಸಿಪ್ಪೆ ಸಮೇತ ಹೊರಬರುತ್ತದೆ. ಸಂದಿಯನ್ನು ಹೊಂದಿಸುವುದು ತಿರುಪುಗಳು. ಉದಾಹರಣೆಗೆ, ಇಂಚಿಗೆ 12 ಸುತ್ತುಗಳಿರುವ ಅರ್ಧ ಇಂಚಿನ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಸಂದಿ ಸುಮಾರು ಅರ್ಧ ಮಿಲಿಮೀಟರ್ ಬದಲಾಗುತ್ತದೆ. ತಿರುಪು ಸವೆದು ಸಡಿಲವಾದರೆ ಈ ಲೆಕ್ಕವೆಲ್ಲ ತಲೆಕೆಳಗು.

ಕುಯಿಲಿನ ದಿನಗಳಲ್ಲಿ ಪಲ್ಪರ್ ಕೆಟ್ಟು ನಿಂತರೆ ಏನಾಗುತ್ತದೆಂಬುದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಅರೇಬಿಕಾ ಕುಯಿಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ. ಕುಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು. ರಾಶಿಯಲ್ಲಿ ಬಿಟ್ಟರೆ ಅದು ಬಿಸಿಯೇರಿ ಹುಳಿಯುತ್ತದೆ, ವಾಸನೆ ಬೀಜಕ್ಕೆ ಇಳಿಯುತ್ತದೆ. ವರ್ಷದ ದುಡಿಮೆಯ ಗುಣಮಟ್ಟ ಎರಡು ದಿನದಲ್ಲಿ ಕೈಬಿಟ್ಟುಹೋಗಬಹುದು. ಒಂದು ಬೋಲ್ಟಿಗಾಗಿ ಅಬರ್ಡೀನಿಗೆ ಕಾಗದ ಬರೆದು ಕಾಯುವಂತಿರಲಿಲ್ಲ. ಚಿಕ್ಕಮಗಳೂರು ಪೇಟೆಗೆ ರೈಲು ಬಂದದ್ದೇ 2013ರಲ್ಲಿ. ಅದಕ್ಕೆ ಮೊದಲು ಕಡೂರಿನವರೆಗೆ ಮಾತ್ರ ರೈಲು. ಮೂಡಿಗೆರೆ, ಕಳಸದ ಕಡೆಗೆ ಅಲ್ಲಿಂದ ಮುಂದೆ ಘಟ್ಟದ ರಸ್ತೆ. ಹೀಗಾಗಿ ಮುರಿದ ಭಾಗವನ್ನು ಹತ್ತಿರದಲ್ಲೇ ಮಾಡಿಸಿಕೊಳ್ಳುವುದು ಅನಿವಾರ್ಯವಾಗಿತ್ತು. ಮಲೆನಾಡಿನ ಪೇಟೆಗಳಲ್ಲಿ ಲೇತ್ ಇಟ್ಟುಕೊಂಡ ವರ್ಕ್‌ಷಾಪಿಗೆ ಇರುವ ಬೆಲೆ ಈ ಅನಿವಾರ್ಯದಿಂದ ಬಂದದ್ದು.

ಮಾಡ್‌ಸ್ಲೇ ಮತ್ತು ವಿಟ್‌ವರ್ತ್

ಲೋಹದಲ್ಲಿ ಕರಾರುವಾಕ್ಕಾದ ತಿರುಪು ಕೊರೆಯುವ ಲೇತನ್ನು ರೂಢಿಗೆ ತಂದ ಕೀರ್ತಿ ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೇಗೆ ಸಲ್ಲುತ್ತದೆ. 1800ರ ಆಸುಪಾಸಿನಲ್ಲಿ ಆತ ರೂಪಿಸಿದ ಲೇತಿನಲ್ಲಿ ಉಳಿಯನ್ನು ಕೈಯಲ್ಲಿ ಹಿಡಿಯುವ ಬದಲು ಜಾರುವ ಗಾಡಿಯೊಂದರ ಮೇಲೆ ಬಿಗಿದಿದ್ದ. ಆ ಗಾಡಿಯನ್ನು ಎಳೆಯಲು ಉದ್ದಕ್ಕೂ ಒಂದು ಮಾದರಿ ತಿರುಪು: ಲೀಡ್ ಸ್ಕ್ರೂ. ಕೆಲಸದ ಸರಳನ್ನು ತಿರುಗಿಸುವ ಸ್ಪಿಂಡಲ್ಲಿಗೂ ಲೀಡ್ ಸ್ಕ್ರೂವಿಗೂ ಗೇರ್ ಚಕ್ರಗಳಿಂದ ಗಂಟು ಹಾಕಿದ. ಸ್ಪಿಂಡಲ್ ಒಂದು ಸುತ್ತು ಬಂದರೆ ಉಳಿ ಎಷ್ಟು ಮುಂದೆ ಸರಿಯಬೇಕೆಂಬುದನ್ನು ಇನ್ನು ಕೈ ತೀರ್ಮಾನಿಸಬೇಕಿಲ್ಲ, ಚಕ್ರಗಳ ಹಲ್ಲುಗಳ ಸಂಖ್ಯೆ ತೀರ್ಮಾನಿಸುತ್ತದೆ. ಚಕ್ರ ಬದಲಿಸಿದರೆ ತಿರುಪು ಬದಲಾಗುತ್ತದೆ.

ಇದಕ್ಕೆ ಮುಂಚೆ ಬೋಲ್ಟಿಗೆ ಹೊಂದುವ ನಟ್ಟು ಅದೊಂದೇ ಆಗಿರುತ್ತಿತ್ತು. ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುತ್ತಿರಲಿಲ್ಲ. ಮಾಡ್‌ಸ್ಲೇಯ ಬಳಿ ದುಡಿದಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ದೇಶಕ್ಕೆಲ್ಲ ಒಂದೇ ಮಾನಕ ಇರಲೆಂದು ಸೂಚಿಸಿದ. ತಿರುಪಿನ ಕಣಿವೆಯ ಕೋನ 55 ಡಿಗ್ರಿ, ತುದಿ-ತಳಗಳು ದುಂಡಗೆ, ಪ್ರತಿ ಗಾತ್ರಕ್ಕೂ ಇಂಚಿಗೆ ಇಂತಿಷ್ಟೇ ಸುತ್ತು. ಅಮೆರಿಕದಲ್ಲಿ 1864ರಲ್ಲಿ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಬೇರೊಂದು ಮಾನಕ ಮುಂದಿಟ್ಟ. ಅರ್ಧ ಇಂಚಿನ ಬೋಲ್ಟಿಗೆ ವಿಟ್‌ವರ್ತ್ 12 ಸುತ್ತು ಕೊಟ್ಟರೆ ಅಮೆರಿಕದ ಪದ್ಧತಿಯಲ್ಲಿ 13. ಎರಡನೇ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿ ಹೋರಾಡಿದ ಈ ಎರಡು ದೇಶಗಳ ಯಂತ್ರಭಾಗಗಳು ಪರಸ್ಪರ ಹೊಂದದೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಬ್ರಿಟನ್, ಅಮೆರಿಕ, ಕೆನಡಾ ಒಂದೇ ತಿರುಪಿಗೆ ಒಪ್ಪಿ ಸಹಿ ಹಾಕಿದ್ದು 1948ರಲ್ಲಿ.

ಭಾರತಕ್ಕೆ, ಅದರಲ್ಲೂ ಬ್ರಿಟಿಷ್ ಯಂತ್ರಗಳೇ ತುಂಬಿದ್ದ ಕಾಫಿ ಸೀಮೆಗೆ, ಬಂದದ್ದು ವಿಟ್‌ವರ್ತನ ತಿರುಪು. ಸ್ವಾತಂತ್ರ್ಯಾನಂತರ 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂತು. 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಯಾಯಿತು. ಸೇರು ಹೋಗಿ ಕಿಲೋ ಬಂದಂತೆ ಇಂಚಿನ ಬೋಲ್ಟು ಹೋಗಿ ಮಿಲಿಮೀಟರಿನ ಬೋಲ್ಟು ಬಂತು. ಸೇರಿನ ಬದಲು ಕಿಲೋದಲ್ಲಿ ಅಕ್ಕಿ ಅಳೆದರೆ ನಷ್ಟವೇನೂ ಇಲ್ಲ. ಆದರೆ ಅರ್ಧ ಇಂಚಿನ ವಿಟ್‌ವರ್ತ್ ತೂತಿಗೆ 12 ಮಿಲಿಮೀಟರಿನ ಬೋಲ್ಟು ಹಾಕಿದರೆ ಅದು ಸಡಿಲವಾಗಿ ಒಳಹೋಗಿ ಅಡ್ಡಬಡ್ಡ ಸಿಕ್ಕಿಕೊಳ್ಳುತ್ತದೆ. ಬಲವಂತ ಮಾಡಿದರೆ ಎರಡರ ತಿರುಪೂ ಕಿತ್ತುಹೋಗುತ್ತದೆ. ಹಳೆಯ ಎರಕದ ಕಬ್ಬಿಣದ ಚೌಕಟ್ಟಿನಲ್ಲಿ ತಿರುಪು ಹೋಯಿತೆಂದರೆ ಸುಲಭದಲ್ಲಿ ಸರಿಯಾಗುವಂಥದ್ದಲ್ಲ.

ವಿಟ್‌ವರ್ತ್ ಪೂರ್ತಿ ಮರೆಯಾಗಿಲ್ಲ ಎಂಬುದೂ ಸ್ವಾರಸ್ಯದ ಸಂಗತಿ. ಮನೆಯ ನಲ್ಲಿಯಲ್ಲಿ, ತೋಟದ ಪಂಪಿನ ಕಬ್ಬಿಣದ ಪೈಪುಗಳಲ್ಲಿ ಇಂದಿಗೂ ಇರುವುದು ಅದೇ 55 ಡಿಗ್ರಿಯ ತಿರುಪು. ಅರ್ಧ ಇಂಚಿನ ನಲ್ಲಿಗೆ ಇಂಚಿಗೆ 14 ಸುತ್ತು, ಒಂದು ಇಂಚಿನ ಪೈಪಿಗೆ 11.

ಕನ್ನಡ ನಾಡಿನ ಲೇತ್

ಲೇತ್ ವಿದೇಶದಿಂದಲೇ ಬರಬೇಕಾಗಿದ್ದ ಕಾಲ ಕರ್ನಾಟಕದಲ್ಲಿ ಬೇಗ ಮುಗಿಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಹೆಸರಾದವರು. ಆ ಮನೆತನದ ಉದ್ಯಮ 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಾಗಿ ನೆಲೆಗೊಂಡಿತು. ಹರಿಹರದ ಲೇತ್‌ಗಳು ದೇಶದ ಸಣ್ಣಪುಟ್ಟ ವರ್ಕ್‌ಷಾಪುಗಳಿಗೆಲ್ಲ ಪರಿಚಿತವಾದವು. ಆ ಕಾರ್ಖಾನೆ ಈಗ ಇಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಿಂದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಗಡಿಯಾರದಿಂದ ಮನೆಮನೆಗೆ ಪರಿಚಯವಾದ ಎಚ್ಚೆಮ್ಟಿ ಮೊದಲು ತಯಾರಿಸಿದ್ದು ಗಡಿಯಾರವನ್ನಲ್ಲ, ಲೇತನ್ನು. ಯಂತ್ರೋಪಕರಣಗಳ ಸಂಶೋಧನೆಗೆಂದೇ ಕೇಂದ್ರ ಸಂಸ್ಥೆಯೊಂದು 1962ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಇತ್ತ ಕಾಫಿ ಬೆಟ್ಟಗಳ ಕೆಮ್ಮಣ್ಣುಗುಂಡಿಯ ಅದಿರು 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿ ಕಾರ್ಖಾನೆಗೆ ಹೋಗಿ ಕಬ್ಬಿಣವಾಗುತ್ತಿತ್ತು.

ಹಲ್ಲುಗಳ ಲೆಕ್ಕ

ಲೇತಿನಲ್ಲಿ ತಿರುಪು ಕೊರೆಯುವುದು ಮೊದಲು ಲೆಕ್ಕದ ಕೆಲಸ, ಆಮೇಲೆ ಕೈಯ ಕೆಲಸ. ಲೀಡ್ ಸ್ಕ್ರೂವಿನಲ್ಲಿ ಇಂಚಿಗೆ 4 ಸುತ್ತುಗಳಿವೆ ಎಂದುಕೊಳ್ಳೋಣ. ಪಲ್ಪರಿಗೆ ಬೇಕಾದದ್ದು ಇಂಚಿಗೆ 12 ಸುತ್ತಿನ ಬೋಲ್ಟು. ಆಗ ಸ್ಪಿಂಡಲ್ ಮೂರು ಸುತ್ತು ಬಂದಾಗ ಲೀಡ್ ಸ್ಕ್ರೂ ಒಂದೇ ಸುತ್ತು ಬರಬೇಕು. ಸ್ಪಿಂಡಲ್ ಕಡೆ 40 ಹಲ್ಲಿನ ಚಕ್ರ, ಲೀಡ್ ಸ್ಕ್ರೂ ಕಡೆ 120 ಹಲ್ಲಿನ ಚಕ್ರ ಹಾಕಿದರೆ ಲೆಕ್ಕ ಸರಿ.

ಇದೇ ಲೇತಿನಲ್ಲಿ 2 ಮಿಲಿಮೀಟರ್ ಪಿಚ್ಚಿನ ಮೆಟ್ರಿಕ್ ತಿರುಪು ಬೇಕೆಂದಾಗ ತೊಡಕು. ಒಂದು ಇಂಚಿಗೆ 25.4 ಮಿಲಿಮೀಟರ್. ಆ ದಶಮಾಂಶವನ್ನು ಹಲ್ಲುಗಳಾಗಿ ಮಾಡುವುದು ಹೇಗೆ? ಐದು ಇಂಚು ಸೇರಿದರೆ ಸರಿಯಾಗಿ 127 ಮಿಲಿಮೀಟರ್. ಆದ್ದರಿಂದ 127 ಹಲ್ಲಿನ ಚಕ್ರವೊಂದಿದ್ದರೆ ಇಂಚು ಮತ್ತು ಮಿಲಿಮೀಟರ್ ಎರಡೂ ಒಂದೇ ಯಂತ್ರದಲ್ಲಿ ಒಂದಾಗುತ್ತವೆ. ಈ ಉದಾಹರಣೆಯಲ್ಲಿ ಸ್ಪಿಂಡಲ್ ಕಡೆ 40, ಲೀಡ್ ಸ್ಕ್ರೂ ಕಡೆ 127. ಈ ಸಂಖ್ಯೆ ಯಾವುದರಿಂದಲೂ ಭಾಗವಾಗದ್ದರಿಂದ ಚಿಕ್ಕ ಚಕ್ರಗಳನ್ನು ಜೋಡಿಸಿ ಇದನ್ನು ಕರಾರುವಾಕ್ಕಾಗಿ ಪಡೆಯಲಾಗದು. ಎರಡು ಅಳತೆಗಳ ಜಗಳ ಬಿಡಿಸುವ ಮಧ್ಯಸ್ಥನಿದ್ದಂತೆ ಆ ಒಂದು ಚಕ್ರ.

ಚಕ್ರ ಹೂಡಿದ ಮೇಲೆ ಉಳಿ. ವಿಟ್‌ವರ್ತ್ ತಿರುಪಿಗೆ 55 ಡಿಗ್ರಿ, ಮೆಟ್ರಿಕ್ಕಿಗೆ 60 ಡಿಗ್ರಿ ಕೋನಕ್ಕೆ ಅದನ್ನು ಮಸೆದು, ಅಳತೆಯ ತಗಡಿಟ್ಟು ಸರಳಿಗೆ ನೇರವಾಗಿದೆಯೇ ಎಂದು ನೋಡಿ, ಅದರ ತುದಿ ಸರಳಿನ ನಡುಮಟ್ಟಕ್ಕೆ ಸರಿಯಾಗುವಂತೆ ಬಿಗಿಯಬೇಕು. ಐದು ಡಿಗ್ರಿಯ ವ್ಯತ್ಯಾಸ ಕಣ್ಣಿಗೆ ಕಾಣದು. ಆದರೆ ತಪ್ಪು ಕೋನದ ಬೋಲ್ಟು ನಟ್ಟಿನೊಳಗೆ ಹೋದರೂ ಅಂಚಿನಲ್ಲಷ್ಟೇ ತಾಗಿ, ಯಂತ್ರದ ಅದುರಿಗೆ ಸಡಿಲಾಗುತ್ತದೆ.

ತಿರುಪು ಒಂದೇ ಏಟಿಗೆ ಆಗುವುದಿಲ್ಲ. ಇಂಚಿಗೆ 12 ಸುತ್ತಿನ ತಿರುಪಿನ ಆಳ ಸುಮಾರು 1.36 ಮಿಲಿಮೀಟರ್. ಅಷ್ಟನ್ನು ಹತ್ತು-ಹನ್ನೆರಡು ಬಾರಿ ಸ್ವಲ್ಪಸ್ವಲ್ಪವೇ ಕೊರೆಯಬೇಕು. ಪ್ರತಿ ಬಾರಿಯೂ ಉಳಿ ಅದೇ ಗೆರೆಯಲ್ಲಿ ಇಳಿಯಬೇಕೆಂಬುದೇ ಕಷ್ಟದ ಸಂಗತಿ. ಉಳಿಯ ಗಾಡಿಯನ್ನು ಲೀಡ್ ಸ್ಕ್ರೂವಿಗೆ ಕಚ್ಚಿಸುವುದು ಎರಡು ಹೋಳಾದ ಒಂದು ನಟ್ಟು. ವರ್ಕ್‌ಷಾಪಿನ ಮಾತಿನಲ್ಲಿ ಹಾಫ್ ನಟ್. ಅದನ್ನು ಬಿಚ್ಚಿ, ಗಾಡಿಯನ್ನು ಹಿಂದಕ್ಕೆ ತಂದು, ಮತ್ತೆ ಕಚ್ಚಿಸುವ ಕ್ಷಣ ತಪ್ಪಿದರೆ ಉಳಿ ಹಳೆಯ ಕಣಿವೆಯಲ್ಲಿ ಇಳಿಯದೆ ಏಣಿನ ಮೇಲೆ ಹರಿದು ಕೆಲಸವೆಲ್ಲ ಹಾಳು. ಈ ಕ್ಷಣವನ್ನು ತೋರಿಸಲು ಗಾಡಿಯ ಬದಿಯಲ್ಲಿ ಗಡಿಯಾರದ ಮುಖದಂಥ ಸಣ್ಣ ಡಯಲ್ ಇರುತ್ತದೆ. ಸಾಮಾನ್ಯವಾಗಿ ಅದರ ಅಂಕಿಯುಳ್ಳ ಗೆರೆಗಳ ನಡುವೆ ಒಂದು ಇಂಚಿನ ಅಂತರ, ಅಂಕಿಯಿಲ್ಲದ ಗೆರೆಗಳು ಅವುಗಳ ನಡುಮಧ್ಯೆ. ಹನ್ನೆರಡರ ತಿರುಪಿಗೆ ಎಲ್ಲಿ ಕಚ್ಚಿಸಿದರೂ ನಡೆಯುತ್ತದೆ, ಏಕೆಂದರೆ 12 ನಾಲ್ಕರಿಂದ ಭಾಗವಾಗುತ್ತದೆ. ಹನ್ನೊಂದರ ಪೈಪ್ ತಿರುಪಿಗಾದರೆ ಅಂಕಿಯ ಗೆರೆಯಲ್ಲೇ ಕಚ್ಚಿಸಬೇಕು. ಅರ್ಧ ಇಂಚಿನಲ್ಲಿ ಐದೂವರೆ ಸುತ್ತಾಗುವುದರಿಂದ ನಡುಗೆರೆಯಲ್ಲಿ ಕಚ್ಚಿಸಿದರೆ ಉಳಿ ನೇರ ಏಣಿನ ಮೇಲೆ ಬೀಳುತ್ತದೆ. ಇಂಚಿನ ಲೇತಿನಲ್ಲಿ ಮೆಟ್ರಿಕ್ ತಿರುಪು ಕೊರೆಯುವಾಗಲಂತೂ ಈ ಡಯಲ್ ಪ್ರಯೋಜನಕ್ಕೆ ಬಾರದು. ಕೊನೆಯವರೆಗೂ ಹಾಫ್ ನಟ್ ಬಿಚ್ಚದೆ, ಯಂತ್ರವನ್ನೇ ಹಿಮ್ಮುಖವಾಗಿ ಓಡಿಸಿ ಉಳಿಯನ್ನು ಹಿಂದೆ ತರಬೇಕು.

ಕೈಯಿಂದ ಯಂತ್ರಕ್ಕೆ

ತಿರುಪಿನ ಕೊನೆ ಬಂದಾಗ ಕೆಲಸಗಾರ ಒಂದು ಕೈಯಲ್ಲಿ ಉಳಿಯನ್ನು ಹೊರಗೆಳೆದು, ಅದೇ ಗಳಿಗೆಯಲ್ಲಿ ಇನ್ನೊಂದು ಕೈಯಲ್ಲಿ ಹಾಫ್ ನಟ್ ಬಿಚ್ಚಬೇಕು. ನಿಮಿಷಕ್ಕೆ 60 ಸುತ್ತಿನ ವೇಗದಲ್ಲಿ 2 ಮಿಲಿಮೀಟರ್ ಪಿಚ್ಚಿನ ತಿರುಪು ಕೊರೆಯುವಾಗ ಉಳಿ ಸೆಕೆಂಡಿಗೆ 2 ಮಿಲಿಮೀಟರ್ ಸಾಗುತ್ತದೆ. ಕೊನೆಯಲ್ಲಿ 4 ಮಿಲಿಮೀಟರ್ ಅಗಲದ ಗಾಡಿ ಬಿಟ್ಟಿದ್ದರೆ ಕೈಗೆ ಎರಡು ಸೆಕೆಂಡಿನ ಬಿಡುವು. ಅದೇ 400 ಸುತ್ತಿನ ವೇಗದಲ್ಲಿ ಸಿಗುವ ಬಿಡುವು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉಳಿ ಹೋಗಿ ಬೋಲ್ಟಿನ ಭುಜಕ್ಕೆ ಬಡಿಯುತ್ತದೆ. ಗಟ್ಟಿಯಾದ ಕಾರ್ಬೈಡ್ ಉಳಿಗಳು ಬಳಕೆಗೆ ಬಂದ ಮೇಲೆ ವೇಗ ಹೆಚ್ಚಿಸಲೇಬೇಕಾಯಿತು, ಏಕೆಂದರೆ ನಿಧಾನ ವೇಗದಲ್ಲಿ ಅವು ನುಣುಪಾಗಿ ಕೊರೆಯುವುದಿಲ್ಲ. ಕೈ ಸೋತ ಈ ಜಾಗದಲ್ಲಿ ಬಂದದ್ದೇ ಸ್ವಯಂಚಾಲಿತ ತಿರುಪು ಜೋಡಣೆ.

ಇದರಲ್ಲಿ ಹಲವು ಬಗೆ. ನಾಲ್ಕು ಹಲ್ಲುಗಳ ತಲೆಯೊಂದು ಸರಳಿನ ಮೇಲೆ ಹತ್ತಿ, ತಿರುಪಿನ ಕೊನೆಯಲ್ಲಿ ತಾನಾಗಿ ಹೂವಿನಂತೆ ಅರಳಿ ಬಿಟ್ಟುಬಿಡುವುದು ಒಂದು ಬಗೆ. ಗಾಡಿ ಗೊತ್ತುಮಾಡಿದ ತಡೆಗೆ ತಾಗಿದೊಡನೆ ಉಳಿಯನ್ನು ಹೊರಗೆಳೆದು ಲೀಡ್ ಸ್ಕ್ರೂವಿನ ಸಂಬಂಧವನ್ನು ಕಡಿಯುವುದು ಇನ್ನೊಂದು. ಕೆಲವು ಲೇತ್‌ಗಳಲ್ಲಿ ಲೀಡ್ ಸ್ಕ್ರೂವನ್ನು ಒಂದೇ ಹಲ್ಲಿನ ಕ್ಲಚ್ಚಿನಿಂದ ಜೋಡಿಸಿರುತ್ತಾರೆ. ಹಲ್ಲು ಒಂದೇ ಆದ್ದರಿಂದ ಅದು ಕಚ್ಚಬಹುದಾದ ಸ್ಥಾನವೂ ಒಂದೇ. ಎಷ್ಟು ಸಲ ಬಿಡಿಸಿ ಜೋಡಿಸಿದರೂ ಉಳಿ ಹಳೆಯ ಗೆರೆಯನ್ನೇ ಹಿಡಿಯುತ್ತದೆ. ಡಯಲ್ ನೋಡುವ ಗೋಜೇ ಇಲ್ಲ.

ಯಾವ ಬಗೆಯಾದರೂ ಅದನ್ನು ಹೂಡುವ ಕ್ರಮದಲ್ಲಿ ಅವಸರ ಸಲ್ಲದು. ಮೊದಲು ಯಂತ್ರ ನಿಲ್ಲಿಸಿ, ಸ್ಪಿಂಡಲ್ಲನ್ನು ಕೈಯಿಂದ ತಿರುಗಿಸುತ್ತ, ತಡೆಯನ್ನು ಗಾಡಿಯ ಜಾಗಕ್ಕೆ ಸರಿಯಾಗಿ ಬಿಗಿಯಬೇಕು. ಉಳಿ ಹೊರಬರುವುದು ಮೊದಲೋ ಗಾಡಿ ನಿಲ್ಲುವುದು ಮೊದಲೋ ಎಂಬುದನ್ನು ನೋಡಬೇಕು. ಉಳಿ ಒಳಗಿದ್ದಾಗಲೇ ಗಾಡಿ ನಿಂತರೆ ತಿರುಪಿನ ಕೊನೆಯಲ್ಲಿ ಒಂದು ಉಂಗುರ ಕೊರೆದು, ಬೋಲ್ಟು ಅಲ್ಲೇ ಮುರಿಯುವಷ್ಟು ಸಣ್ಣದಾಗಬಹುದು. ಆಮೇಲೆ ಉಳಿಯನ್ನು ಸರಳಿಗೆ ತಾಗಿಸದೆ ಒಂದೆರಡು ಬಾರಿ ಖಾಲಿ ಓಡಿಸಿ ನೋಡಬೇಕು. ಸರಳಿನ ತುದಿಗಿಂತ ಮೂರು ನಾಲ್ಕು ಸುತ್ತಿನಷ್ಟು ಹಿಂದಿನಿಂದ ಹೊರಟರೆ ಗೇರುಗಳ ಸಡಿಲವೆಲ್ಲ ದಾರಿಯಲ್ಲೇ ಮುಗಿದಿರುತ್ತದೆ. ಮೂರನೆಯದಾಗಿ, ಕೂದಲೆಳೆಯಂಥ ಒಂದು ಗೀರು ಮಾತ್ರ ಹಾಕಿ, ಪಿಚ್ ಗೇಜ್ ಇಟ್ಟು ಇಂಚಿಗೆ ಎಷ್ಟು ಸುತ್ತೆಂದು ಎಣಿಸಬೇಕು. ಚಕ್ರ ತಪ್ಪಿದ್ದರೆ ಇಲ್ಲಿ ತಿಳಿಯುತ್ತದೆ, ಲೋಹ ಇನ್ನೂ ಹಾಳಾಗಿರುವುದಿಲ್ಲ. ಇಷ್ಟಾದ ಮೇಲೆಯೇ ಆಳದ ಕೊರೆತ.

ಈಗಿನ ಸಿಎನ್‌ಸಿ ಲೇತ್‌ಗಳಲ್ಲಿ ಚಕ್ರಗಳ ಸರಪಳಿಯೂ ಇಲ್ಲ, ಹಾಫ್ ನಟ್ಟೂ ಇಲ್ಲ. ಸ್ಪಿಂಡಲ್ಲಿನ ಸ್ಥಾನವನ್ನು ಎನ್‌ಕೋಡರ್ ಎಂಬ ಸಾಧನ ಓದುತ್ತದೆ, ಉಳಿ ಯಾವಾಗ ಹೊರಡಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಒಂದೆರಡು ಸಾಲಿನ ಆಜ್ಞೆಗೆ ಹತ್ತು ಸಲದ ಕೊರೆತವೂ ಮುಗಿಯುತ್ತದೆ. ಸಾವಿರಾರು ಒಂದೇ ಬಗೆಯ ಬೋಲ್ಟು ಬೇಕಾದ ಕಾರ್ಖಾನೆಗೆ ಇದಕ್ಕಿಂತ ಒಳ್ಳೆಯದಿಲ್ಲ.

ಬೆಟ್ಟದ ಪೇಟೆಯ ಅಗತ್ಯವೇ ಬೇರೆ. ಅಲ್ಲಿಗೆ ಸಾವಿರ ಬೋಲ್ಟು ಬೇಡ, ಒಂದೇ ಬೇಕು. ಅದೂ ನಕ್ಷೆಯಿಲ್ಲದ, ಅಂಗಡಿಯಲ್ಲಿ ಸಿಗದ, ತುಕ್ಕು ಹಿಡಿದು ಅರ್ಧ ಮುರಿದ ಒಂದು ತುಂಡನ್ನು ನೋಡಿ ಮಾಡಿಕೊಡಬೇಕಾದದ್ದು. ಅದು ವಿಟ್‌ವರ್ತೋ ಮೆಟ್ರಿಕ್ಕೋ ಎಂದು ಮೊದಲು ಗುರುತಿಸಬೇಕು. ಆ ಗುರುತು ತಪ್ಪಿದರೆ ಅತ್ಯಂತ ನಿಖರವಾದ ಯಂತ್ರವೂ ನಿಖರವಾಗಿ ತಪ್ಪು ಬೋಲ್ಟನ್ನೇ ಮಾಡಿಕೊಡುತ್ತದೆ. ಐಟಿಐಗಳ ಎರಡು ವರ್ಷದ ಟರ್ನರ್ ತರಬೇತಿಯಲ್ಲಿ ಕೈಯಿಂದ ತಿರುಪು ಕೊರೆಯುವ ಪಾಠಕ್ಕೆ ಇರುವ ಬೆಲೆಯನ್ನು ಈ ದೃಷ್ಟಿಯಿಂದ ನೋಡಬೇಕು. ಕಂಪ್ಯೂಟರ್ ಬಂದಿರುವಾಗ ಇದೇಕೆ ಎಂಬ ಪ್ರಶ್ನೆ ಸಹಜ. ಸ್ಪಿಂಡಲ್ಲಿಗೂ ಉಳಿಗೂ ಇರುವ ಸಂಬಂಧವನ್ನು ಚಕ್ರ ಹೂಡಿ, ಡಯಲ್ ನೋಡಿ ಕಲಿತವನಿಗೆ ಕಂಪ್ಯೂಟರಿನ ಆಜ್ಞೆಯ ಅರ್ಥವೂ ತಿಳಿಯುತ್ತದೆ. ಆಜ್ಞೆಯನ್ನಷ್ಟೇ ಕಲಿತವನಿಗೆ ಮುರಿದ ಬೋಲ್ಟು ಏನನ್ನೂ ಹೇಳುವುದಿಲ್ಲ.

ಹಳೆಯ ಪಲ್ಪರುಗಳನ್ನು ಉಳಿಸಿಕೊಂಡಿರುವ ತೋಟದವರು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಕುಯಿಲು ಆರಂಭವಾಗುವ ಮುನ್ನ, ಮಳೆಗಾಲದ ಬಿಡುವಿನಲ್ಲಿ, ಯಂತ್ರದ ಒಂದೊಂದು ಬೋಲ್ಟಿನ ದಪ್ಪ, ಇಂಚಿಗೆ ಎಷ್ಟು ಸುತ್ತು, ಕೋನವೆಷ್ಟು ಎಂಬುದನ್ನು ಅಳೆದು ಒಂದು ಪುಸ್ತಕದಲ್ಲಿ ಬರೆದಿಡುವುದು. ಡಿಸೆಂಬರಿನ ಒಂದು ಸಂಜೆ ಹಣ್ಣಿನ ರಾಶಿ ಕಾದಿರುವಾಗ, ಲೇತಿನವನ ಮುಂದೆ ಮುರಿದ ತುಂಡಿನ ಜತೆಗೆ ಆ ಮೂರು ಅಂಕಿಗಳಿದ್ದರೆ, ಮರುದಿನ ಬೆಳಿಗ್ಗೆ ಪಲ್ಪರ್ ತಿರುಗುತ್ತದೆ.